ಚನ್ನಬಸವ್ವನನ್ನು ದೊಡ್ಡ ದವಾಖಾನೆಗೆ ಕಳಿಸಿದ್ದು

ಹೊರದೇಶದ ಈ ಪಿಕರಿಂಗ್ ಊರಿನ ನಮ್ಮ ಬಡಾವಣೆಯಲ್ಲಿ ಶಾಲೆ ಬಿಡುವ ಹೊತ್ತಿಗೆ ಅವಸರವಾಗಿ ಕಾರು ಓಡಿಸುವವರಿಗೆಲ್ಲ ಚನ್ನಬಸವ್ವನ ಪರಿಚಯ ಆಗಿಯೇ ಆಗುತ್ತದೆ. ಕಿತ್ತಳೆ ಬಣ್ಣದ ಜಾಕೆಟ್ಟು, ಅದರ ಕೆಳಗೆ ಇಳಕಲ್ ಸೀರೆ, ಸೀರೆಯ ಕೆಳಗೆ ಸ್ನೋ ಬೂಟು. ಮಕ್ಕಳನ್ನು ರಸ್ತೆ ದಾಟಿಸುವುದು ಅವಳ ಕೆಲಸ. ಅದಕ್ಕೆಂದು ನಗರದವರು ಕೈಗೆ ಸ್ಟಾಪ್ ಫಲಕ ಕೊಟ್ಟಿದ್ದಾರೆ. ಆದರೆ ಫಲಕದ ಮೇಲೆ ಅವಳಿಗೆ ಅಂಥ ಭರವಸೆಯೇನೂ ಇಲ್ಲ. "ನಿಂದ್ರಪಾ!" ಎಂದು ಒಂದು ಕೂಗು ಹಾಕುತ್ತಾಳೆ. ಕನ್ನಡದ ಗಂಧಗಾಳಿ ಇಲ್ಲದವರೂ ಗಕ್ಕನೆ ಬ್ರೇಕ್ ಒತ್ತುತ್ತಾರೆ.

ನಾನು ವಿಜಯಾ, ಅವಳ ಪಕ್ಕದ ಬೀದಿಯವಳು. ಬಸವನಗುಡಿಯಿಂದ ಬಂದು, ಇಲ್ಲಿಯ ಲೈಬ್ರರಿಯಲ್ಲಿ ದುಡಿದು ರಿಟೈರ್ ಆಗಿದ್ದೇನೆ. ಅವಳು ನರಗುಂದದವಳು. ನನ್ನ ಕನ್ನಡ ಸಪ್ಪೆ ಎಂದು ಅವಳು, ಅವಳದು ಖಾರ ಎಂದು ನಾನು, ಹೀಗೆ ಜಗಳವಾಡುತ್ತಲೇ ಗೆಳತಿಯರಾದೆವು. ಅವಳ ಗಂಡ ವೀರಭದ್ರಪ್ಪನವರು ಅಣು ವಿದ್ಯುತ್ ಸ್ಥಾವರದಲ್ಲಿ ವೆಲ್ಡರ್ ಆಗಿದ್ದವರು. ಜೀವಮಾನವಿಡೀ ರಿಯಾಕ್ಟರಿನ ಮಗ್ಗುಲಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡಿದ ಮನುಷ್ಯನಿಗೆ ಆಸ್ಪತ್ರೆಯ ವಾಸನೆ ಬಡಿದರೆ ಸಾಕು, ಬೆವರು ಕಿತ್ತುಕೊಂಡು ಬರುತ್ತದೆ. ಒಬ್ಬಳೇ ಮಗಳು ಶಿವಾನಿ, ಓಕ್‌ವಿಲ್‌ನಲ್ಲಿ ಕೆಲಸ, ಅಲ್ಲೇ ಮನೆ. ಅಮ್ಮ ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ತಿರುಗಿ ಬೈಯುತ್ತಾಳೆ.

ಹೋದ ವರ್ಷ ಬೇಸಿಗೆ ಮುಗಿಯುವಾಗ ಚನ್ನಬಸವ್ವನಿಗೆ ಉಂಡದ್ದು ಇಳಿಯದಾಯಿತು. ರೊಟ್ಟಿಯ ತುತ್ತು ಎದೆಯಲ್ಲೇ ನಿಂತುಬಿಡುತ್ತಿತ್ತು. ಗ್ಯಾಸ್ ಎಂದು ಸೋಡಾ ಕುಡಿದಳು, ಅಜವಾನ ಅಗಿದಳು. ಮೈ ಇಳಿದದ್ದಕ್ಕೆ ಒಳಗೊಳಗೇ ಖುಷಿಯೂ ಪಟ್ಟಳು, ಹಳೆಯ ಕುಪ್ಪಸಗಳನ್ನು ಹೊರಗೆ ತೆಗೆದಳು. ಶಿವಾನಿ ಒಂದು ವಾರಾಂತ್ಯ ಬಂದವಳು ಅಮ್ಮನ ತೋಳು ನೋಡಿ ಹೌಹಾರಿ, ಫ್ಯಾಮಿಲಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿಂದ ಚನ್ನಬಸವ್ವ ಡಾಕ್ಟರ್ ನಿಜಗುಣನ ಕೈಗೆ ಬಂದಳು.

ನಿಜಗುಣನ ಬಗ್ಗೆ ಹೇಳಬೇಕು. ದಾವಣಗೆರೆಯಿಂದ ಇಲ್ಲಿಗೆ ಮೊದಮೊದಲು ಬಂದ ಡಾಕ್ಟರ ದಂಪತಿಯ ಮಗ, ಹುಟ್ಟಿದ್ದು ಇಲ್ಲೇ, ನಮ್ಮ ಮನೆ ಹತ್ತಿರದ ಆಸ್ಪತ್ರೆಯಲ್ಲಿ ಸರ್ಜನ್. ಇಲ್ಲಿನ ಕನ್ನಡಿಗರಲ್ಲಿ ಅರ್ಧ ಜನರ ಪಿತ್ತಕೋಶ ತೆಗೆದವನು ಅವನೇ. ನನ್ನ ಹರ್ನಿಯಾ ಹೊಲಿದವನೂ ಅವನೇ. ನಮ್ಮವರು ಯುಗಾದಿಗೆ ಸೇರಿದರೆ ಊಟದ ಸಾಲಿನಲ್ಲಿ ಅವನ ಕೈಗುಣದ ಮಾತೇ ಮಾತು. ಕೈಗುಣ ಎಂದರೆ ನಮಗೆಲ್ಲ ಗೊತ್ತಿದ್ದದ್ದೇ: ಕೆಲವು ಡಾಕ್ಟರು ಮುಟ್ಟಿದರೆ ಕಾಯಿಲೆ ವಾಸಿಯಾಗುತ್ತದೆ, ಕೆಲವರು ಮುಟ್ಟಿದರೆ ಇಲ್ಲ, ಯಾಕೆ ಎಂದು ಕೇಳಬಾರದು.

ಗಂಟಲಿನಿಂದ ಸ್ಕೋಪು ಹಾಕಿ ನೋಡಿದವನೂ, ಜಠರದ ಮೇಲ್ಭಾಗದಲ್ಲಿ ಕ್ಯಾನ್ಸರ್ ಇದೆ ಎಂದು ಹೇಳಿದವನೂ ನಿಜಗುಣನೇ. ಸ್ಕ್ಯಾನಿನಲ್ಲಿ ಬೇರೆಲ್ಲೂ ಹರಡಿದಂತೆ ಕಾಣಲಿಲ್ಲ. ಬೇಗ ಆಪರೇಷನ್ ಆದರೆ ಉಳಿಯುವ ಅವಕಾಶ ಚೆನ್ನಾಗಿದೆ ಎಂದ. ಮನೆಯವರೆಲ್ಲ ಕುಸಿದು ಕೂತಾಗ ಧೈರ್ಯವಾಗಿದ್ದವಳು ರೋಗಿ ಒಬ್ಬಳೇ.

"ಬಂದ್ರ ಬರಲಿ ಬಿಡ್ರಿ ವಿಜಯಕ್ಕಾ. ನಿಜಗುಣ ಅದಾನಲ್ಲ. ಅವನ ಹೆಸರಿನ್ಯಾಗ ಗುಣ ಐತಿ, ಕೈಯಾಗೂ ಐತಿ" ಎಂದಳು.

ಮುಂದಿನ ಮಾತುಕತೆಗೆ ನಾನೂ ಜೊತೆಗೆ ಹೋದೆ. ವೀರಭದ್ರಪ್ಪನವರು ಕರವಸ್ತ್ರ ಹಿಡಿದು ಬಾಗಿಲ ಹತ್ತಿರ ಕೂತರು. ಶಿವಾನಿ ಆಫೀಸಿನಿಂದ ಫೋನಿನಲ್ಲಿದ್ದಳು. ನಿಜಗುಣ ತನ್ನ ಕುರ್ಚಿ ಎಳೆದುಕೊಂಡು ಚನ್ನಬಸವ್ವನ ಎದುರಿಗೆ ಕೂತ.

"ಆಂಟಿ, ಈ ಆಪರೇಷನ್ ನಾನು ಮಾಡ್ಬೋದು. ಬಟ್ ಮಾಡ್ಬಾರ್ದು. ಇಡೀ ಸ್ಟಮಕ್ ತೆಗೆದು, ಅನ್ನನಾಳಾನ ಕರುಳಿಗೆ ಜಾಯಿನ್ ಮಾಡೋದು. ನಮ್ಮಲ್ಲಿ ಇಂಥ ಕೇಸ್ ತುಂಬಾ ಕಮ್ಮಿ. ಡೌನ್‌ಟೌನಲ್ಲಿ ಒಂದು ದೊಡ್ಡ ಹಾಸ್ಪಿಟಲ್ ಇದೆ, ಅವ್ರು ಎವ್ರಿ ವೀಕ್ ಇದನ್ನೇ ಮಾಡ್ತಾರೆ. ಹೈ ವಾಲ್ಯೂಮ್ ಸೆಂಟರ್. ಅಂಥ ಕಡೆ ರಿಸಲ್ಟ್ ಬೆಟರ್. ನಾನು ಅಲ್ಲಿಗೆ ಬರೆದು ಕೊಡ್ತೀನಿ."

ವೀರಭದ್ರಪ್ಪನವರು ಬಾಗಿಲ ಹತ್ತಿರದಿಂದ, "ವಾಲ್ಯೂಮ್ ಹೈ ಅಂದ್ರ ಭಾಳ ಗದ್ದಲ ಇರತೈತೇನಪಾ ಅಲ್ಲೆ?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಚನ್ನಬಸವ್ವ ನಗಲಿಲ್ಲ. ಎದ್ದು ನಿಂತು, ಸೆರಗು ಹೊದ್ದು, ನಿಜಗುಣನಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ದೂರ ಹೋಗಬೇಕಲ್ಲ ಎಂಬ ಬೇಸರ ಇರಬೇಕು ಎಂದುಕೊಂಡೆ.

ಆಮೇಲೆ ಶುರುವಾಯಿತು ಅವಳ ವಿಚಿತ್ರ ನಡವಳಿಕೆ. ಗಂಡನನ್ನು ಒಲೆಯ ಮುಂದೆ ನಿಲ್ಲಿಸಿ ಚಹಾ, ಅನ್ನ, ಬ್ಯಾಳಿ ಮಾಡುವುದನ್ನು ಕಲಿಸತೊಡಗಿದಳು. ಮದುವೆಯ ಸೀರೆಯನ್ನು ಶಿವಾನಿಗೆ ಕೊಟ್ಟಳು. ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿ, ತಲೆ ಸವರಿ, ಜಾಕೆಟ್ಟು ಒಗೆದು ವಾಪಸು ಕೊಟ್ಟು ಬಂದಳು. ನರಗುಂದದ ತಂಗಿ ದ್ಯಾಮವ್ವನಿಗೆ ದಿನವೂ ಫೋನು, ಎರಡೂ ಕಡೆ ಬರೀ ಅಳು. ಕಡೆಗೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ತನ್ನ ರೊಟ್ಟಿ ಹಂಚನ್ನು ನನ್ನ ಅಡಿಗೆಮನೆಯ ಕಟ್ಟೆಯ ಮೇಲಿಟ್ಟಳು. "ನೀವಽ ಇಟಗೋರಿ" ಎಂದಳು. ಬಸವನಗುಡಿಯವಳಿಗೆ ಅವಳು ರೊಟ್ಟಿ ಹಂಚು ಕೊಡುತ್ತಾಳೆ ಎಂದರೆ ಲೋಕ ಮುಳುಗಿತು ಎಂದೇ ಅರ್ಥ.

ಅವತ್ತೇ ಮಧ್ಯಾಹ್ನ ಶಿವಾನಿ ಫೋನ್ ಮಾಡಿದಳು. ಡೌನ್‌ಟೌನಿನಿಂದ ಅಪಾಯಿಂಟ್‌ಮೆಂಟ್ ಕೊಡಲು ಕರೆ ಬಂದಾಗ ಅಮ್ಮ "ಐ ನಾಟ್ ಕಮಿಂಗ್, ಥ್ಯಾಂಕ್ಯೂ ವೆರಿ ಮಚ್" ಎಂದು ಫೋನಿಟ್ಟಳಂತೆ. "ಆಂಟಿ, ಪ್ಲೀಸ್ ಟಾಕ್ ಟು ಹರ್. ಶೀ ಹ್ಯಾಸ್ ಗಿವನ್ ಅಪ್" ಎಂದು ಅತ್ತಳು.

ನನಗೆ ಮೈಯೆಲ್ಲ ಉರಿದುಹೋಯಿತು. ಗಡ್ಡೆಯೇನು ಇವಳ ಮರ್ಜಿಗೆ ಕಾಯುತ್ತಾ ಕೂರುತ್ತದೆಯೇ? ಚಪ್ಪಲಿ ಮೆಟ್ಟಿಕೊಂಡು ಅವಳ ಮನೆಗೆ ಹೋಗಿ ನಡುಮನೆಯಲ್ಲೇ ನಿಂತು ಕೂಗಾಡಿದೆ. "ಏನೇ ನಿನ್ನ ಹಟ? ಒಂದು ಟ್ರೇನ್ ಹತ್ತಿ ಡೌನ್‌ಟೌನಿಗೆ ಹೋಗೋದು ಅಷ್ಟು ಕಷ್ಟವಾ?"

"ಸಾಯೂದು ಖರೇ ಅಂದಮ್ಯಾಲ ಎಲ್ಲೆ ಸತ್ರೇನ್ರೀ. ಮನ್ಯಾಗ ಸಾಯ್ತೀನಿ" ಎಂದಳು.

"ಸಾಯ್ತೀಯಾ ಅಂತ ಯಾರು ಹೇಳಿದ್ರು?"

"ನಿಜಗುಣನಽ ಹೇಳಿದನಲ್ಲ. ನಿಮ್ಮ ಮುಂದಽ ಹೇಳಿದ. ದೊಡ್ಡ ದವಾಖಾನಿಗೆ ಬರಕೊಟ್ಟ."

ಬರೆದುಕೊಟ್ಟರೆ ಏನಾಯಿತು ಎಂದು ಕೇಳಿದೆ. ಅವಳು ನಿಧಾನವಾಗಿ ಹೇಳಿದಳು. ಅವಳ ಚಿಕ್ಕಂದಿನಲ್ಲಿ ಅವರ ಓಣಿಯಲ್ಲಿ ಯಾರಿಗಾದರೂ ಜಡ್ಡು ಬಂದರೆ ಊರ ಡಾಕ್ಟರು ತಮ್ಮ ಕೈಲಾದಷ್ಟು ನೋಡುತ್ತಿದ್ದರು. ಇನ್ನು ಏನೂ ಉಳಿದಿಲ್ಲ ಎಂದಾಗ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಡುತ್ತಿದ್ದರು. ಅಷ್ಟು ಹೊತ್ತಿಗೆ ಎಲ್ಲ ತಡವಾಗಿರುತ್ತಿತ್ತು. 'ಅವರಿಗೆ ಬರಕೊಟ್ಟಾರಂತ' ಎಂಬ ಸುದ್ದಿ ಬಂದರೆ ಓಣಿಯ ಹೆಂಗಸರು ದೂರದ ನೆಂಟರಿಗೆ ಹೇಳಿಕಳಿಸಲು ಶುರುಮಾಡುತ್ತಿದ್ದರು. ಅರಿವೆ ಅಂಗಡಿ ಇಟ್ಟಿದ್ದ ಅವಳ ಅಪ್ಪನಿಗೂ ಹಾಗೇ ಬರೆದುಕೊಟ್ಟರು. ಟೆಂಪೋದಲ್ಲಿ ಕೂತು ಹೋದವರು ಅದೇ ಟೆಂಪೋದಲ್ಲಿ ಮಲಗಿ ಬಂದರು.

"ಡಾಕ್ಟರು ಕೈಬಿಟ್ರು ಅಂತಾರಲ್ರೀ, ಅದಽ ಇದು. ನಮ್ಮ ಹುಡುಗ, ಪಾಪ, ಬಾಯಿ ಬಿಟ್ಟು ಹೇಳಾಕ ನಾಚಿ ಚಂದಾಗಿ ಹೇಳಿದ. ನನಗ ತಿಳೀತು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವಳ ಕೈ ಹಿಡಿದುಕೊಂಡು ಅತ್ತೆ. ಆಮೇಲೆ ಎಷ್ಟು ಬಿಡಿಸಿ ಹೇಳಿದರೂ ಅವಳು ಕೇಳಲಿಲ್ಲ. ಸಮಾಧಾನಕ್ಕೆ ಹೇಳುತ್ತೀರಿ ಎಂದಳು. ಸರಿ, ಬರೆದುಕೊಟ್ಟವನೇ ಬಂದು ಹೇಳಲಿ ಎಂದು ನಿಜಗುಣನಿಗೆ ಫೋನ್ ಮಾಡಿದೆ.

ಅವನು ಭಾನುವಾರ ಮಧ್ಯಾಹ್ನ ಬಂದ. ಇಲ್ಲಿಯ ಸರ್ಜನ್ನು ರೋಗಿಯ ಮನೆಗೆ ಬಂದು ಊಟಕ್ಕೆ ಕೂರುವುದುಂಟೇ? ಕೂತ. ಚನ್ನಬಸವ್ವ ನನ್ನಿಂದ ಹಂಚು ತರಿಸಿಕೊಂಡು ಮಾಡಿದ, ತಾನು ಉಣ್ಣಲಾರದ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಅವನು ತುತ್ತು ಬಾಯಿಗಿಡುವಾಗಲೇ ಕೇಳಿದಳು:

"ಖರೇ ಹೇಳು ತಮ್ಮಾ. ನನ್ನ ಕೈಬಿಟ್ಟೀ ಏನು?"

ಅವನು ತನ್ನ ಕೈ ನೋಡಿಕೊಂಡ. "ಯಾವಾಗ ಹಿಡ್ಕೊಂಡಿದ್ದೆ ಆಂಟಿ?" ಎಂದ.

ನಾನು ತಲೆ ಚಚ್ಚಿಕೊಂಡು ಇಂಗ್ಲಿಷಿನಲ್ಲಿ ವಿವರಿಸಿದೆ, ಹುಬ್ಬಳ್ಳಿಯನ್ನೂ ಸೇರಿಸಿ. ಅವನ ಮುಖ ಕೆಂಪಾಯಿತು. ಕೈ ತೊಳೆದುಕೊಂಡು ಬಂದು ಅವಳ ಪಕ್ಕದಲ್ಲೇ ಕೂತ.

"ನೋ ನೋ ಆಂಟಿ. ಆಪೋಸಿಟ್. ಹೋಪ್ ಇಲ್ಲದಿದ್ರೆ ನಾನು ಅಲ್ಲಿಗೆ ಕಳಿಸ್ತಾನೇ ಇರ್ಲಿಲ್ಲ. ಹೋಪ್ ಇದೆ, ಅದಕ್ಕೇ ಕಳಿಸ್ತಿರೋದು."

ಚನ್ನಬಸವ್ವ ಅವನನ್ನೇ ನೋಡಿದಳು. "ಇಂಥಾವು ನೀ ಎಷ್ಟ ಮಾಡೀ?"

"ಏ, ಹಂಗ ಕೇಳಬಾರದ!" ಎಂದು ವೀರಭದ್ರಪ್ಪನವರು ಗಾಬರಿಯಾದರು. ನನಗೂ ಮುಜುಗರವಾಯಿತು. ಡಾಕ್ಟರನ್ನು ಹೀಗೆ ಕೇಳುವುದು ನಮ್ಮಲ್ಲಿ ಬೀಗರ ಮನೆಯ ಊಟಕ್ಕೆ ಕೂತು ಸಾರಿಗೆ ಉಪ್ಪು ಕಡಿಮೆ ಅಂದಂತೆ.

"ಕೇಳ್ಬೇಕು ಅಂಕಲ್. ಎಲ್ಲರೂ ಕೇಳ್ಬೇಕು" ಎಂದ ನಿಜಗುಣ. "ಹೋದ ವರ್ಷ ಎರಡು ಆಂಟಿ. ಅದಕ್ಕೆ ಮುಂಚಿನ ವರ್ಷ ಒಂದೂ ಇಲ್ಲ."

"ಮತ್ತ ಅಲ್ಲೆ?"

"ನಾನು ಹತ್ತು ವರ್ಷದಲ್ಲಿ ಮಾಡಿದಷ್ಟು ಅಲ್ಲಿ ಒಂದೆರಡು ತಿಂಗಳಲ್ಲಿ ಆಗುತ್ತೆ."

"ನಿನ್ನ ಕೈಗುಣ ಚಲೋ ಐತಿ ಅಂತ ಎಲ್ಲಾರೂ ಅಂತಾರ."

"ಗಾಲ್‌ಬ್ಲಾಡರಿಗೆ ಇದೆ ಆಂಟಿ" ಎಂದು ನಕ್ಕ. "ಅದನ್ನ ದಿನಾ ಮಾಡ್ತೀನಿ, ಅದಕ್ಕೇ ಇದೆ. ಇದನ್ನ ಹೊಲಿಯೋಕೆ ನನಗೂ ಬರುತ್ತೆ. ಆದ್ರೆ ಹೊಲಿದ ಮೇಲಿನ ವಾರ ಇದೆಯಲ್ಲ, ಅದು ಡೇಂಜರ್. ಜಾಯಿಂಟ್ ಸ್ವಲ್ಪ ಲೀಕ್ ಆದ್ರೆ ಮೊದಲಿಗೆ ಏನೂ ಕಾಣಲ್ಲ. ಪೇಷಂಟ್ ಮುಖ ನೋಡಿದ ತಕ್ಷಣ ನರ್ಸ್‌ಗೆ ಡೌಟ್ ಬರ್ಬೇಕು. ನಮ್ಮ ನರ್ಸ್‌ಗಳು ತುಂಬಾ ಒಳ್ಳೆಯವರು. ಆದ್ರೆ ಅಂಥ ಮುಖ ಅವರು ನೋಡಿರೋದೇ ಕಮ್ಮಿ. ಅಲ್ಲಿ ಸರ್ಜನ್, ನರ್ಸು, ಸ್ಕ್ಯಾನ್ ಮಾಡೋರು, ಎಲ್ಲರಿಗೂ ಅದೇ ಕೆಲಸ."

"ಅಂದ್ರ ಒಬ್ಬರದಲ್ಲ. ಇಡೀ ದವಾಖಾನೀದಽ ಪಳಗಿದ ಕೈ ಅನ್ನು" ಎಂದಳು.

ಅವನಿಗೆ 'ಪಳಗಿದ' ಅರ್ಥವಾಗಲಿಲ್ಲ, ಆದರೂ ಜೋರಾಗಿ ತಲೆಯಾಡಿಸಿದ.

"ಆತು, ಬರ್ತೀನಿ. ನೋಡಾಕಷ್ಟ ಬರ್ತೀನಿ. ಕೊಯ್ಯಾಕ ಹೂಂ ಅಂದಿಲ್ಲ ನಾ" ಎಂದಳು ಚನ್ನಬಸವ್ವ.

ಹಾಗೆ ಹೋದೆವು. ಗೋ ಎಂಬ ಇಲ್ಲಿಯ ಲೋಕಲ್ ಟ್ರೇನಿನಲ್ಲಿ ಅವಳು ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಡೌನ್‌ಟೌನಿನ ಯೂನಿಯನ್ ಸ್ಟೇಷನ್ನಿನಲ್ಲಿ ಶಿವಾನಿ ಸೇರಿಕೊಂಡಳು. ಆಸ್ಪತ್ರೆಯ ಕಾಯುವ ಕೋಣೆ ತುಂಬಿ ತುಳುಕುತ್ತಿತ್ತು. ಚನ್ನಬಸವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಅಷ್ಟು ಜನ ರೋಗಿಗಳನ್ನು ಒಟ್ಟಿಗೆ ನೋಡಿ ಅವಳಿಗೆ ಹುಬ್ಬಳ್ಳಿಯೇ ನೆನಪಾಗಿರಬೇಕು. ಶಿವಾನಿ ಮೆಲ್ಲನೆ ಕೈಹಿಡಿದು ಒಂದು ಖಾಲಿ ಕುರ್ಚಿಗೆ ಕರೆದೊಯ್ದಳು.

ಪಕ್ಕದಲ್ಲಿ ಬ್ರಾಂಪ್ಟನ್ನಿನ ಒಬ್ಬ ಪಂಜಾಬಿ ಹೆಂಗಸು ಸಣ್ಣ ಡಬ್ಬಿ ತೆಗೆದು ಪರಾಠಾದ ಚೂರನ್ನು ಮೆಲ್ಲುತ್ತಿದ್ದಳು. ನಮ್ಮ ಚನ್ನಬಸವ್ವನ ಹಿಂದಿ ಕೇಳಿದರೆ ದೆಹಲಿಯವರು ಅಳುತ್ತಾರೆ, ಆದರೂ ವಿಚಾರಿಸಿಕೊಂಡಳು. ಆ ಹೆಂಗಸಿಗೆ ಇದೇ ರೋಗ, ಇದೇ ಆಪರೇಷನ್, ಆಗಿ ಮೂರು ವರ್ಷ. "ಪೇಟ್ ಹೀ ನಹೀ ಹೈ, ಲೇಕಿನ್ ಖಾತೀ ಹೂಂ. ಥೋಡಾ ಥೋಡಾ, ಬಾರ್ ಬಾರ್" ಎಂದು ನಕ್ಕು ಇನ್ನೊಂದು ಚೂರು ಬಾಯಿಗಿಟ್ಟಳು. ಜಠರವೇ ಇಲ್ಲ, ಆದರೂ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ತಿನ್ನುತ್ತೇನೆ ಎಂದಳು. ಎದುರಿನ ಮುದುಕನತ್ತ ಕೈ ತೋರಿಸಿ, ಅವರದೂ ಅದೇ, ಐದು ವರ್ಷ ಎಂದಳು. ಕಿಟಕಿಯ ಹತ್ತಿರ ಕೂತವರೂ ಹಾಗೆಯೇ ಪರೀಕ್ಷೆಗೆ ಬಂದವರು.

ಚನ್ನಬಸವ್ವ ನನ್ನ ಕಿವಿಯಲ್ಲಿ ಕೇಳಿದಳು, "ಇವರೆಲ್ಲಾ ಹೊಳ್ಳಿ ಬಂದವರೇನ್ರೀ?"

"ಹೌದು ಕಣೇ, ವಾಪಸು ಬಂದವರೇ."

"ದೊಡ್ಡ ದವಾಖಾನಿಂದ ಹೊಳ್ಳಿ ಬಂದವರನ್ನ ನಾ ಇದಽ ಮೊದಲ ನೋಡಾಕತ್ತೀನಿ" ಎಂದಳು. ಕೋಣೆಯಲ್ಲಿದ್ದ ಒಬ್ಬೊಬ್ಬರನ್ನೂ ಮತ್ತೊಮ್ಮೆ ನೋಡಿದಳು. ಅವಳ ಕಣ್ಣು ತುಂಬಿತ್ತು.

ಅಲ್ಲಿಯ ಸರ್ಜನ್ ಗಿಡ್ಡನೆಯ, ಚುರುಕು ಕಣ್ಣಿನ ಹೆಂಗಸು. ಚನ್ನಬಸವ್ವ ಕೂತವಳೇ "ಹೌ ಮೆನಿ ಯು ಡಿಡ್?" ಎಂದು ಶುರುಮಾಡಿದಳು. ಆಕೆಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಒಳ್ಳೆಯ ಪ್ರಶ್ನೆ ಎಂದು ಹೇಳಿ, ತಾನು ಮಾಡಿದ್ದೆಷ್ಟು, ತಮ್ಮ ತಂಡ ಮಾಡಿದ್ದೆಷ್ಟು, ಎಷ್ಟು ಜನರಿಗೆ ತೊಂದರೆಯಾಯಿತು, ಎಲ್ಲ ಬಿಚ್ಚಿಟ್ಟಳು. ಎಲ್ಲರೂ ಉಳಿದಿಲ್ಲ ಎನ್ನುವುದನ್ನೂ ಮುಚ್ಚಿಡಲಿಲ್ಲ. ಶಿವಾನಿ ಒಂದೊಂದನ್ನೂ ತನ್ನ ಹರಕು ಕನ್ನಡದಲ್ಲಿ ಅಮ್ಮನಿಗೆ ಹೇಳಿದಳು. ಅವಳ ಬಾಯಿಂದ ಅಷ್ಟು ಕನ್ನಡ ನಾನು ಕೇಳಿದ್ದು ಅವತ್ತೇ. ಚನ್ನಬಸವ್ವ ಮಗಳ ಮುಖವನ್ನೇ ನೋಡುತ್ತಾ ಇದ್ದವಳು ಕಡೆಗೆ "ಹೂಂ" ಎಂದಳು.

ಆಪರೇಷನ್ ಚೆನ್ನಾಗಿ ಆಯಿತು. ವೀರಭದ್ರಪ್ಪನವರು ಎರಡು ಸಲ ತಲೆಸುತ್ತಿ ಕೂತರು, ಅವರನ್ನು ನೋಡಿಕೊಳ್ಳುವುದೇ ನನಗೊಂದು ಕೆಲಸವಾಯಿತು. ಕೆಲವು ದಿನ ಕಳೆದು, ನಾವು ಇನ್ನೇನು ಗೆದ್ದೆವು ಎಂದುಕೊಳ್ಳುವಾಗ, ಒಂದು ಮಧ್ಯಾಹ್ನ ಫಿಲಿಪಿನೋ ನರ್ಸೊಬ್ಬಳು ಒಳಗೆ ಬಂದಳು. ಚನ್ನಬಸವ್ವ ಆಗತಾನೇ ನನ್ನೊಂದಿಗೆ ಜಗಳವಾಡುತ್ತಿದ್ದಳು. ಜ್ವರವಿರಲಿಲ್ಲ, ನೋವೂ ಹೆಚ್ಚಿರಲಿಲ್ಲ. ನರ್ಸು ಅವಳ ಮುಖ ನೋಡಿದಳು, ನಾಡಿ ಹಿಡಿದಳು, ಇನ್ನೊಮ್ಮೆ ಮುಖ ನೋಡಿದಳು. "ಐ ಡೋಂಟ್ ಲೈಕ್ ದಿಸ್" ಎಂದು ಹೇಳಿ ಹೊರಗೆ ಓಡಿದಳು.

ನೋಡನೋಡುತ್ತಿದ್ದಂತೆ ಸರ್ಜನ್ ಬಂದಳು, ಹಾಸಿಗೆಯ ಸಮೇತ ಸ್ಕ್ಯಾನಿಗೆ ಒಯ್ದರು. ಹೊಲಿಗೆ ಒಂದು ಕಡೆ ಸೋರುತ್ತಿತ್ತು. ಆಮೇಲೆ ಕೊಳವೆ, ಔಷಧ, ಬಾಯಿಗೆ ಒಂದು ಹನಿ ನೀರೂ ಇಲ್ಲದ ದಿನಗಳು. ಶಿವಾನಿ ಕಾರಿಡಾರಿನಲ್ಲಿ ನನ್ನ ಹೆಗಲ ಮೇಲೆ ಬಿದ್ದು ಅತ್ತಳು, ನಾನೂ ಅತ್ತೆ. ನಾನು ಅವಳನ್ನು ಇಲ್ಲಿಗೆ ಒತ್ತಾಯ ಮಾಡಿ ತಂದೆನಲ್ಲ ಎಂದು ಹೆದರಿದೆ. ಆದರೆ ಆ ವಾರ್ಡಿನಲ್ಲಿ ನಮ್ಮ ಹೊರತು ಯಾರೂ ಗಾಬರಿಯಾಗಿರಲಿಲ್ಲ. ಇಂಥದ್ದು ಬಂದರೆ ಮೊದಲು ಯಾವುದು, ಆಮೇಲೆ ಯಾವುದು ಎಂದು ಎಲ್ಲರಿಗೂ ರೂಢಿಯಾಗಿತ್ತು. ಸಂಜೆಯ ಹೊತ್ತಿಗೆ ನಾಡಿ ಹದಕ್ಕೆ ಬಂತು.

ಫೋನಿನಲ್ಲಿ ನಿಜಗುಣನಿಗೆ ಹೇಳಿದಾಗ ಅವನು ಯಾವಾಗ ಗೊತ್ತಾಯಿತು ಎಂದು ಕೇಳಿದ. ಆಮೇಲೆ, "ನಮ್ಮಲ್ಲಾಗಿದ್ರೆ ಮರುದಿನ ಜ್ವರ ಬಂದ ಮೇಲೆ ಗೊತ್ತಾಗ್ತಿತ್ತೇನೋ ಆಂಟಿ" ಎಂದ.

ಮನೆಗೆ ಬಂದ ಮೇಲೂ ಚಳಿಗಾಲವೆಲ್ಲ ಕಷ್ಟದ್ದೇ. ಎರಡು ಚಮಚ ಗಂಜಿಗೆ ಸಾಕು ಎನಿಸುತ್ತಿತ್ತು, ಮತ್ತೆ ಸ್ವಲ್ಪ ಹೊತ್ತಿಗೆ ಹಸಿವು. ವೀರಭದ್ರಪ್ಪನವರು ಕಲಿತ ಅಡಿಗೆ ಉಪಯೋಗಕ್ಕೆ ಬಂತು. ಅವರು ಮಾಡಿದ ಬ್ಯಾಳಿ ತಿಂದು ಉಳಿದವಳು ಕ್ಯಾನ್ಸರಿಗೆ ಹೆದರುವುದು ಏನು ಬಂತು ಎಂದು ನಾನು ಛೇಡಿಸುತ್ತಿದ್ದೆ. ಹಿಮ ಕರಗುವ ಹೊತ್ತಿಗೆ ಅವಳು ರೊಟ್ಟಿಯ ಚೂರನ್ನು ಹಾಲಿನಲ್ಲಿ ನೆನೆಸಿ ತಿಂದಳು. ಅದು ಎದೆಯಲ್ಲಿ ನಿಲ್ಲದೆ ಕೆಳಗಿಳಿದಾಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತುಬಿಟ್ಟರು.

ಮೊನ್ನೆ ಏಪ್ರಿಲ್‌ನಲ್ಲಿ, ಅವಳು ಶಾಲೆಯಿಂದ ಕಿತ್ತಳೆ ಜಾಕೆಟ್ಟನ್ನು ವಾಪಸು ತಂದುಕೊಂಡ ಮೇಲೆ, ಮತ್ತೆ ಡೌನ್‌ಟೌನಿಗೆ ಹೋದೆವು, ಬೆಳಗಿನ ಅಪಾಯಿಂಟ್‌ಮೆಂಟು. ಸರ್ಜನ್ ಸ್ಕ್ಯಾನ್ ನೋಡಿದಳು, ರಕ್ತದ ರಿಪೋರ್ಟ್ ನೋಡಿದಳು. ರೋಗದ ಸುಳಿವಿಲ್ಲ, ತೆಗೆದ ಭಾಗದ ಅಂಚುಗಳೂ ಸ್ವಚ್ಛವಾಗಿದ್ದವು ಎಂದು ನೆನಪಿಸಿ, ಇನ್ನೂ ಏನೋ ಹೇಳಿದಳು. ಶಿವಾನಿ ಅಮ್ಮನ ಕಡೆ ತಿರುಗಿದಳು. ಪದ ಸಿಗದೆ ನನ್ನ ಮುಖ ನೋಡಿದಳು.

ನಾನೇ ಹೇಳಿದೆ. "ಇನ್ನು ಪದೇಪದೇ ಇಲ್ಲಿಗೆ ಬರಬೇಕಾಗಿಲ್ವಂತೆ ಕಣೇ. ವಿಟಮಿನ್ ಇಂಜೆಕ್ಷನ್ನು, ತಪಾಸಣೆ ಎಲ್ಲ ನಿಜಗುಣನೇ ನೋಡ್ಕೊಳ್ಳಲಿ ಅಂತ ಅವನಿಗೆ ಬರೆದುಕೊಡ್ತಾರಂತೆ."

ಚನ್ನಬಸವ್ವ ಕಣ್ಣು ಪಿಳುಕಿಸಿದಳು. "ದೊಡ್ಡ ದವಾಖಾನಿಯವರು ಸಣ್ಣ ದವಾಖಾನಿಗೆ ಬರಕೊಟ್ರ?"

"ಹೌದು."

"ಹಂಗೂ ಬರಕೊಡ್ತಾರೇನ್ರೀ?"

ಹೊರಗೆ ಬಂದವಳೇ ಫುಟ್‌ಪಾತಿನ ಮೇಲೆ ನಿಂತು, ಬೇಡವೆಂದರೂ ಕೇಳದೆ, ನರಗುಂದಕ್ಕೆ ಫೋನು ಹಚ್ಚಿದಳು. ಗಾಳಿ ಬೀಸುತ್ತಿತ್ತು, ಸುತ್ತ ಆಫೀಸಿನ ಜನ ಕಾಫಿ ಹಿಡಿದು ಓಡುತ್ತಿದ್ದರು. "ದ್ಯಾಮವ್ವಾ! ನನಗ ದೊಡ್ಡ ದವಾಖಾನಿಯವರು ಮನೀಗೆ ಹೋಗಂತ ಬರಕೊಟ್ರು!"

ಆ ಕಡೆಯಿಂದ "ಅಯ್ಯಽ ನಮ್ಮಕ್ಕಾ" ಎಂಬ ಗೋಳು ಫೋನು ಒಡೆದು ಬಂತು. ದೊಡ್ಡ ದವಾಖಾನೆಯವರು ಮನೆಗೆ ಕರೆದೊಯ್ಯಿರಿ ಅಂದರೆ ನರಗುಂದದಲ್ಲಿ ಇನ್ನೇನು ಅರ್ಥ? ಚನ್ನಬಸವ್ವ ಗಾಬರಿಯಾಗಿ ಫೋನನ್ನು ಬಾಯಿಯ ಮುಂದೆ ಹಿಡಿದು, ಅಳುತ್ತಾ ನಗುತ್ತಾ, ಬೀದಿಯವರೆಲ್ಲ ತಿರುಗಿ ನೋಡುವಂತೆ ಕೂಗಿದಳು:

"ಏ ಹುಚ್ಚಿ, ಅಳಬ್ಯಾಡ! ಬದಕೀನಿ ನಾ! ಬದಕೀನಿ ಅಂತ ಬರಕೊಟ್ಟಾರ!"